ಎರಡು ಕಡೆಯೂ ಸಿಂಹ

ಶಿವಾಜಿನಗರದ ಆ ಭಾನುವಾರ ನನ್ನ ಷಡ್ಡಕನ ಮುಖ ಬಿಳಿಚಿಕೊಂಡದ್ದನ್ನು ನೆನೆದರೆ ಈಗಲೂ ನನಗೆ ಹಾಲು ಕುಡಿದಷ್ಟು ಸಂತೋಷವಾಗುತ್ತದೆ. ಅದನ್ನು ಮುಚ್ಚಿಟ್ಟು ಒಳ್ಳೆಯವನಂತೆ ಬರೆಯುವ ಆಸೆ ನನಗಿಲ್ಲ.

ನಾನು ದೊಡ್ಡನೆಕ್ಕುಂದಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ರೆಸ್ ಆಪರೇಟರ್. ತಗಡಿನಿಂದ ವಾಷರ್ ಒತ್ತುವ ಕೆಲಸ. ಒತ್ತಿದ್ದು ಅಚ್ಚಿಗೇ ಅಂಟಿಕೊಂಡರೆ ಮುಂದಿನದರ ಮೇಲೆ ಅದರ ಗುರುತು ತಗ್ಗಾಗಿ ಬೀಳುತ್ತದೆ. ನಾವು ಬೈದುಕೊಂಡು ಅದನ್ನು ಸ್ಕ್ರ್ಯಾಪ್ ಡಬ್ಬಕ್ಕೆ ಎಸೆಯುತ್ತೇವೆ. ಟಂಕಸಾಲೆಯಲ್ಲೂ ಹೀಗಾಗುತ್ತದೆ, ಅಂಥ ನಾಣ್ಯಕ್ಕೆ ಜನ ಸಾವಿರಾರು ರೂಪಾಯಿ ಕೊಡುತ್ತಾರೆ ಎಂದು ತಿಳಿದ ಮೇಲೆ ನನಗೆ ಚಿಲ್ಲರೆ ನೋಡುವ ಹುಚ್ಚು ಹಿಡಿಯಿತು. ರಾಮಮೂರ್ತಿ ನಗರದ ನಮ್ಮ ಬಾಡಿಗೆ ಮನೆಯಲ್ಲಿ ದಿನವೂ ಸಂಜೆ ನಾನೂ ಹೆಂಡತಿಯೂ ಅಂದಿನ ಚಿಲ್ಲರೆಯನ್ನು ತಟ್ಟೆಗೆ ಸುರಿದು ಒಂದೊಂದಾಗಿ ತಿರುಗಿಸಿ ನೋಡುತ್ತಿದ್ದೆವು. ನಾಲ್ಕು ವರ್ಷ ನೋಡಿದರೂ ನನಗೆ ಏನೂ ಸಿಗಲಿಲ್ಲ. ಸಿಕ್ಕಿದ್ದು ಅವಳಿಗೆ.

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಸೊಪ್ಪು ಕೊಂಡಾಗ ಬಂದ ಎರಡು ರೂಪಾಯಿ. ಒಂದು ಮುಖದಲ್ಲಿ ಸಿಂಹದ ಮುದ್ರೆ ಎಂದಿನಂತೆ ಉಬ್ಬಿತ್ತು. ಇನ್ನೊಂದು ಮುಖದಲ್ಲೂ ಅದೇ ಸಿಂಹ, ಆದರೆ ತಿರುವುಮುರುವಾಗಿ, ಒಳಕ್ಕೆ ತಗ್ಗಾಗಿ. ಎರಡು ಎಂಬ ಅಂಕಿಯೇ ಇಲ್ಲ. "ರೀ, ಕಣ್ಣಿಗಿಂತ ಮುಂಚೆ ನನ್ನ ಬೆರಳಿಗೇ ಗೊತ್ತಾಯ್ತು," ಎಂದು ಅವಳು ಅದೆಷ್ಟು ಸಲ ಹೇಳಿದಳೋ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅವಳ ಅಕ್ಕ ಡಿಗ್ರಿ ಮಾಡಿದವಳು. ತವರಿನಲ್ಲಿ ಇವಳನ್ನು ಹೊಗಳಲು ಯಾರಿಗೂ ಒಂದು ಕಾರಣ ಸಿಕ್ಕಿದ್ದೇ ಇಲ್ಲ.

ಆ ಅಕ್ಕನ ಗಂಡನೇ ನನ್ನ ಷಡ್ಡಕ. ಇಂದಿರಾನಗರದಲ್ಲಿ ಸ್ವಂತ ಮನೆ, ನಾಣ್ಯ ಸಂಗ್ರಹದ ದೊಡ್ಡಸ್ತಿಕೆ. "ಕೊಡಮ್ಮ, ತಿಳಿದೋರಿಗೆ ತೋರಿಸಿ ವಾಪಸ್ ಕೊಡ್ತೀನಿ," ಎಂದು ಅವಳಿಂದ ಇಸಕೊಂಡ. ಆರು ತಿಂಗಳಾದರೂ ಕೊಡಲಿಲ್ಲ. ಅವನ ಮೊಮ್ಮಗುವಿನ ನಾಮಕರಣಕ್ಕೆ ಹೋದಾಗ ನೋಡಿದರೆ ನಾಣ್ಯ ಹಾಲ್‌ನ ಗೋಡೆಯಲ್ಲಿ, ಗಾಜಿನ ಫ್ರೇಮಿನೊಳಗೆ. ಬಂದವರಿಗೆಲ್ಲ ಅವನು ಹೇಳುತ್ತಿದ್ದ: "ಪೆಟ್ರೋಲ್ ಬಂಕಲ್ಲಿ ಚಿಲ್ಲರೆ ಕೊಟ್ರು. ನೋಡಿದ ತಕ್ಷಣ ಹಿಡಿದ್ಬಿಟ್ಟೆ. ಇದಕ್ಕೆಲ್ಲ ಕಣ್ಣು ಬೇಕು ಸಾರ್."

ನನ್ನ ಹೆಂಡತಿ ಕಾಫಿ ಲೋಟಗಳ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. ವಾಪಸು ಬರುವಾಗ ಬಸ್ಸಿನಲ್ಲಿ, "ಅಕ್ಕನ ಮನೆ, ಜಗಳ ಬೇಡ. ಆದ್ರೆ ಇವಳೇ ಹುಡುಕಿದ್ದು ಅಂತ ಒಂದ್ಸಲ ಹೇಳ್ಬಹುದಿತ್ತು, ಅಲ್ವಾ?" ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅವನ ಮಾನ ತೆಗೆಯದೆ ಬಿಡಬಾರದು ಎಂದು ಅಂದಿನಿಂದ ಹೊಂಚು ಹಾಕಿದೆ.

ದಾರಿಯನ್ನು ಅವನೇ ತೋರಿಸಿದ. ಶಿವಾಜಿನಗರದ ಹಳೇ ನಾಣ್ಯದ ವ್ಯಾಪಾರಿಯೊಬ್ಬರು ಆ ಎರಡು ರೂಪಾಯಿಯನ್ನು ಕೊಳ್ಳಲು ಮುಂದಾಗಿದ್ದರು, ಆದರೆ ಅವರಿಗೊಂದು ಅನುಮಾನ. ಎರಡು ನಾಣ್ಯಗಳನ್ನು ಒಂದರ ಮೇಲೊಂದಿಟ್ಟು ಪ್ರೆಸ್ಸಿನಲ್ಲಿ ಅದುಮಿದರೂ ಹೀಗೇ ಸಿಂಹ ತಗ್ಗಾಗಿ ಮೂಡುತ್ತದೆ. ಪ್ರೆಸ್ ಕೆಲಸದವನೇ ಬಂದು ಹೇಳಲಿ ಎಂದು ಷಡ್ಡಕ ನನ್ನನ್ನು ಕರೆದೊಯ್ದ. ನಾನು ಅವನ ಮಾತು ಮೀರುವವನಲ್ಲ ಎಂಬ ಧೈರ್ಯ ಅವನಿಗೆ.

ಭಾನುವಾರ ಆ ಅಂಗಡಿಯಲ್ಲಿ ನಾಣ್ಯದ ಹುಚ್ಚಿನವರೆಲ್ಲ ಸೇರುತ್ತಾರೆ. ವಯಸ್ಸಾದ ವ್ಯಾಪಾರಿ ಭೂತಗನ್ನಡಿಯನ್ನು ನನ್ನ ಕೈಗಿಟ್ಟು, "ದೇಖೋ ಸಾಬ್, ನೀವು ಮಷೀನ್ ಕೆಲ್ಸದೋರು. ನೀವು ಅಸ್ಲಿ ಅಂದ್ರೆ ಈಗ್ಲೇ ತಗೋತೀನಿ," ಎಂದರು.

ನಾನು ನಿಧಾನವಾಗಿ ನೋಡಿದೆ. ಅದುಮಿದ ನಕಲಿಯಲ್ಲಿ ಮೊದಲಿದ್ದ ಅಂಕಿ ಚಪ್ಪಟೆಯಾಗಿ ಎಲ್ಲಾದರೂ ಒಂದಿಷ್ಟು ಉಳಿದಿರುತ್ತದೆ. ಇದರಲ್ಲಿ ಅಂಥ ಒಂದು ಗೆರೆಯೂ ಇರಲಿಲ್ಲ. ಅಪ್ಪಟ ನಾಣ್ಯ. ನನ್ನ ಹೆಂಡತಿಯ ಬೆರಳು ತಪ್ಪಿರಲಿಲ್ಲ.

"ಇದು ಅದುಮಿದ್ದು," ಎಂದೆ. "ಇಲ್ನೋಡಿ, ಅಂಚಲ್ಲಿ ಎರಡು ಅನ್ನೋ ಅಂಕಿ ಬಾಲ ಉಳ್ಕೊಂಡಿದೆ. ಇಂಥವನ್ನ ನಾನು ಊಟದ ಟೈಮಲ್ಲಿ ಹತ್ತು ಮಾಡ್ತೀನಿ."

ವ್ಯಾಪಾರಿ ತಾವೂ ನೋಡಿದರು. ಅನುಮಾನ ಮೊದಲೇ ಇದ್ದದ್ದರಿಂದ ಇಲ್ಲದ ಬಾಲವೂ ಅವರಿಗೆ ಕಂಡಿತು. ಹಿಂದಿನಿಂದ ಯಾರೋ, "ಪೆಟ್ರೋಲ್ ಬಂಕ್ ಕಾಯಿನ್ನಾ ಸಾರ್?" ಎಂದು ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಷಡ್ಡಕ ಬಿಳಿಚಿಕೊಂಡದ್ದು ಆಗಲೇ. ನಾನು ಕಣ್ತುಂಬ ನೋಡಿದೆ.

ಬೀದಿಗೆ ಬಂದ ಮೇಲೆ, "ಮರ್ಯಾದೆ ತೆಗೆದ್ಬಿಟ್ಯಲ್ಲ ಗುರು! ನಕಲಿ ಮಾಡಿ ಹೆಂಡ್ತಿ ಕೈಲಿ ನನಗೆ ಕೊಡಿಸಿದ್ಯಾ?" ಎಂದು ನಾಣ್ಯವನ್ನು ನನ್ನ ಮೇಲೆ ಎಸೆದ. ಅದು ಅವಳಿಂದ ಬಂದದ್ದೆಂದು ಕೊನೆಗೂ ಅವನ ಬಾಯಿಂದಲೇ ಬಂತು. ಕೇಳಲು ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ.

ಮನೆಗೆ ಬಂದು ನಾಣ್ಯವನ್ನು ಅವಳ ಅಂಗೈಯಲ್ಲಿಟ್ಟು, ನಡೆದದ್ದನ್ನೆಲ್ಲ ಅಭಿನಯಿಸಿ ಹೇಳಿದೆ. ಅವಳು ನಗಲಿಲ್ಲ.

"ನಿಜವಾದ್ದೇನಾ ಇದು?"

"ಅಪ್ಪಟ. ಒಂದು ಗೆರೆ ತಪ್ಪಿಲ್ಲ."

"ನಾನು ಹುಡುಕಿದ್ದನ್ನ ತಮ್ಮದು ಅಂದ್ರು ಭಾವ. ಹುಡುಕೋಕೆ ಏನೂ ಇರ್ಲೇ ಇಲ್ಲ ಅಂದ್ಬಿಟ್ರಿ ನೀವು."

ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಅಕ್ಕ. "ನಕಲಿ ಕೊಟ್ಟು ನನ್ನ ಗಂಡನ ಮಾನ ಕಳೆದ್ಯಲ್ಲೇ," ಎಂದು ಕೂಗಾಡುತ್ತಿದ್ದುದು ನನಗೂ ಕೇಳಿಸುತ್ತಿತ್ತು. ನಾಣ್ಯ ಅಸಲಿ ಎಂದರೆ ನಾನು ಸುಳ್ಳುಗಾರನಾಗುತ್ತಿದ್ದೆ. ಅವಳು ನನ್ನನ್ನೇ ನೋಡುತ್ತ ಹೇಳಿದಳು:

"ಹೌದಕ್ಕ, ನಕಲಿನೇ. ನನಗೆಲ್ಲಿ ಗೊತ್ತಾಗುತ್ತೆ ಅಂಥದ್ದೆಲ್ಲ."