ಹದಿನೆಂಟು ಸೆಕೆಂಡಿನ ದಾರಿ

ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಜಂಪಣ್ಣನ ಮೋಟರ್ ರಿವೈಂಡಿಂಗ್ ಅಂಗಡಿ ಇದೆ. ಪಂಪ್‌ಸೆಟ್ಟಿನ ಮೋಟರ್ ಸುಟ್ಟರೆ, ಮಿಕ್ಸಿ ಕೆಟ್ಟರೆ, ಫ್ಯಾನು ತಿರುಗದಿದ್ದರೆ ಜನ ಅಲ್ಲಿಗೇ ಬರುವುದು. ಆದರೆ ಯಾರಾದರೂ ಬಂದು, ಶಾಲೆಯ ವಾರ್ಷಿಕೋತ್ಸವದ ನಾಟಕಕ್ಕೆ ಲೈಟು ಬಿಡಬೇಕಿತ್ತು, ನೀನು ಮೊದಲು ಅದೇ ಕೆಲಸದಲ್ಲಿದ್ದವನಂತಲ್ಲ ಎಂದರೆ ಆಸಾಮಿ ತಲೆಯನ್ನೇ ಎತ್ತುವುದಿಲ್ಲ. 'ಬೇರೇರನ್ನ ನೋಡ್ಕಳ್ರಿ' ಎಂದು ಹೇಳಿ ತಾಮ್ರದ ತಂತಿ ಸುತ್ತುತ್ತಾ ಕೂರುತ್ತಾನೆ. ಜನ ಸುಮ್ಮನಿರುತ್ತಾರೆಯೇ? ಕೊಬ್ಬು ಎಂದರು, ಕುಡಿತ ಎಂದರು, ತಂಡದವರೊಂದಿಗೆ ಜಗಳ ಎಂದರು. ಒಂದೂ ನಿಜವಲ್ಲ. ಗೊತ್ತಿಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು. ನಮ್ಮ ಊರಿನವರಿಗೆ ಅದೊಂದು ಬರುವುದಿಲ್ಲ.

ಜಂಪಣ್ಣನ ಊರು ಬಿ.ದುರ್ಗ. ತಿರುಗಾಟದ ನಾಟಕ ತಂಡಕ್ಕೆ ಅವನನ್ನು ಸೇರಿಸಿದವಳು ಅದೇ ಊರಿನಲ್ಲಿ ಹುಟ್ಟಿ ಹೊಳಲ್ಕೆರೆಗೆ ಮದುವೆಯಾಗಿ ಬಂದಿದ್ದ ಚಂದ್ರಕ್ಕ. ರಕ್ತಸಂಬಂಧವೇನೂ ಇರಲಿಲ್ಲ. ಆದರೂ ಅವಳು ಅಕ್ಕ, ಅವಳ ಗಂಡ ಟೈಲರ್ ಚಿತ್ರಲಿಂಗಪ್ಪ ಭಾವ. ತಂಡದಲ್ಲಿ ಅವಳು ತಾಯಿಯ ಪಾತ್ರಗಳನ್ನು ಮಾಡುತ್ತಿದ್ದಳು, ಚಿತ್ರಲಿಂಗಪ್ಪ ಎಲ್ಲರ ಉಡುಪು ಹೊಲಿದು ಕೊಡುತ್ತಿದ್ದ. ಜಂಪಣ್ಣ ಲೈಟಿನ ಕೆಲಸ ಕಲಿತದ್ದು ಉಪ್ಪುನೀರಿನ ಡಿಮ್ಮರ್ ಕಾಲದಲ್ಲಿ. ಮಣ್ಣಿನ ಕೊಳವೆಯಲ್ಲಿ ಉಪ್ಪುನೀರು ತುಂಬಿ, ಅದರೊಳಗೆ ತಗಡನ್ನು ಇಳಿಸಿದರೆ ಲೈಟು ಏರುತ್ತಿತ್ತು, ಎತ್ತಿದರೆ ಇಳಿಯುತ್ತಿತ್ತು. ಒಂದೆರಡು ಸಲ ಶಾಕ್ ಹೊಡೆಸಿಕೊಂಡು ಬಿದ್ದದ್ದೂ ಉಂಟು. ಆಮೇಲೆ ಹಿಡಿಕೆಯ ಡಿಮ್ಮರ್ ಬಂತು. ಯಾವುದಿದ್ದರೂ ಅವನ ಕಣ್ಣು ಮಾತ್ರ ಅಕ್ಕನ ಹೆಜ್ಜೆಯ ಮೇಲೆ. ಅವಳು ನಿಧಾನ ಮಾಡಿದರೆ ಅವನ ಕೈಯೂ ನಿಧಾನ. ಉಳಿದ ನಟರು ರೇಗಿಸುತ್ತಿದ್ದರು: 'ಅಕ್ಕಂಗೆ ಬೇರೆ ಕರೆಂಟು ಕಣ್ರೋ.'

ಅವರ ದೊಡ್ಡ ನಾಟಕ ಚಿತ್ರದುರ್ಗದ ಕೋಟೆ ಕಟ್ಟಿದ ಕಲ್ಲುಕೆಲಸದವರದು. ಕಡೆಯ ದೃಶ್ಯದಲ್ಲಿ ಮಗನಿಗೆಂದು ತಾಯಿ ಅಂಬಲಿ ಗಡಿಗೆ ಹೊತ್ತು ಬರುತ್ತಾಳೆ. ಗೋಡೆ ಕುಸಿದು ಮಗ ಸತ್ತಿರುವುದು ನೋಡುವವರಿಗೆಲ್ಲ ಗೊತ್ತು, ಅವಳೊಬ್ಬಳಿಗೆ ಗೊತ್ತಿಲ್ಲ. ರಂಗದ ಹಿಂತುದಿಯಿಂದ ನಡೆದು ಬಂದು, ಮುಂದಿರುವ ಕಲ್ಲಿನ ಮೇಲೆ ಕುಳಿತು, ಗಡಿಗೆ ಇಳಿಸಿಕೊಂಡು ಕಾಯಬೇಕು. ಅವಳು ನಡೆಯುತ್ತಿರುವಂತೆ ಸುತ್ತಲಿನ ಬೆಳಕು ಇಳಿಯುತ್ತಾ ಹೋಗಿ, ಕುಳಿತ ಹೊತ್ತಿಗೆ ಕಲ್ಲಿನ ಮೇಲೆ ಅಂಗೈಯಗಲದ ಬೆಳಕಷ್ಟೇ ಉಳಿಯಬೇಕು. ಮಾತಿಲ್ಲ, ಹಾಡಿಲ್ಲ. ಅಷ್ಟಕ್ಕೇ ಜನ ಮೂಗೊರೆಸಿಕೊಳ್ಳುತ್ತಿದ್ದರು.

ಎರಡು ಸಾವಿರದ ಒಂದರಲ್ಲಿ ತಂಡಕ್ಕೆ ಕಂಪ್ಯೂಟರ್ ಇರುವ ಲೈಟ್ ಕನ್ಸೋಲ್ ಬಂತು. ಹಳೆಯದೇ, ಎಲ್ಲೋ ಬಳಸಿ ಬಿಟ್ಟದ್ದು. ಯಾವ ಲೈಟು ಯಾವಾಗ ಎಷ್ಟು ಹೊತ್ತಿನಲ್ಲಿ ಏರಬೇಕು, ಇಳಿಯಬೇಕು ಎಂಬುದನ್ನು ಮೊದಲೇ ಅದರಲ್ಲಿ ಬರೆದಿಡಬಹುದಾಗಿತ್ತು. ಬೆಳಕಿನ ಅಂಥ ಒಂದೊಂದು ಬದಲಾವಣೆಗೆ ಕ್ಯೂ ಎಂದು ಹೆಸರು. ನಿರ್ದೇಶಕ ನಿರಂಜನ್ ಎಲ್ಲರನ್ನೂ ಕೂರಿಸಿಕೊಂಡು ಹೇಳಿದ: 'ಇನ್ಮೇಲೆ ಲೈಟು ಯಾರಿಗೂ ಕಾಯಲ್ಲ. ಜಂಪಣ್ಣ ಗುಂಡಿ ಒತ್ತುತ್ತಾನೆ, ಆಮೇಲೆ ಅದರ ಪಾಡಿಗೆ ಅದು ಹೋಗುತ್ತೆ.'

ಉಳಿದವರ ಮುಖ ಸಪ್ಪಗಾಯಿತು. ಚಂದ್ರಕ್ಕನಿಗೆ ಮಾತ್ರ ಖುಷಿ. 'ಒಳ್ಳೇದಾತು ಬಿಡ್ರಿ. ಜಂಪ ನಂಗೆ ಕಾಯ್ತಾನೆ ಅಂತ ಆಡ್ಕಂತಿದ್ರಲ್ಲ, ಈಗ ಗೊತ್ತಾಗ್ತೈತೆ' ಎಂದಳು. ಕಡೆಯ ಕ್ಯೂಗಾಗಿ ಮೂರು ಸಲ ಗಡಿಗೆ ಹೊತ್ತು ನಡೆದಳು. ಮೂರು ಸಲವೂ ಹದಿನೆಂಟು ಸೆಕೆಂಡು. ಜಂಪಣ್ಣ ಹದಿನೆಂಟು ಎಂದು ಬರೆದಿಟ್ಟ. ಅವತ್ತಿನಿಂದ ಅದು ಅವಳಿಗೊಂದು ಹೆಮ್ಮೆಯಾಯಿತು. ಮನೆಗೆ ಹೋದರೆ ಗಂಡನಿಗೂ ಅದೇ ಪಾಠ: ಆ ಮಿಷನ್ನಿಗೆ ಮುಲಾಜಿಲ್ಲ, ಹದಿನೆಂಟು ಅಂದರೆ ಹದಿನೆಂಟು, ಅಷ್ಟರೊಳಗೆ ನಾನು ಕಲ್ಲಿನ ಮೇಲೆ ಕೂತಿರುತ್ತೇನೆ.

ಎರಡು ವರ್ಷ ಹಾಗೇ ನಡೆಯಿತು. ಮೂರನೆಯ ವರ್ಷದ ತಿರುಗಾಟದಲ್ಲಿ, ಹಿರಿಯೂರಿನ ಪ್ರಯೋಗದಲ್ಲಿ, ಅವಳು ಕಲ್ಲಿಗೆ ಇನ್ನೂ ಮೂರು ಹೆಜ್ಜೆ ಇರುವಾಗಲೇ ಕತ್ತಲಾಯಿತು. ಬೆಳಕಿನಲ್ಲಿ ಬರೀ ಕಲ್ಲು. ಆಮೇಲೆ ತಡವರಿಸುವ ಒಂದು ಕೈ ಬಂತು, ಗಡಿಗೆ ಕಲ್ಲಿಗೆ ಬಡಿದ ಸದ್ದಾಯಿತು. ನೋಡುವವರಿಗೆ ಏನೂ ತಿಳಿಯಲಿಲ್ಲ, ಚಪ್ಪಾಳೆ ಹೊಡೆದರು. ಜಂಪಣ್ಣ ಲೈಟಿನ ಮೇಜು ಬಿಟ್ಟು ಒಳಗೆ ಓಡಿದ.

ಬಣ್ಣದ ಕೋಣೆಯಲ್ಲಿ ಅವಳು ಟ್ರಂಕಿನ ಮೇಲೆ ಕುಳಿತು ಅಳುತ್ತಿದ್ದಳು. ಪಾದ ಎರಡೂ ಊದಿಕೊಂಡು ಕಾಲುಂಗುರ ಬೆರಳಿಗೆ ಕಚ್ಚಿಕೊಂಡಿತ್ತು. 'ಲೇ ಜಂಪ, ನನ್ನ ಕೈಲಾಗ್ತಿಲ್ಲ ಕಣೋ. ಅರ್ಧಕ್ಕೇ ಉಸಿರು ಸಿಕ್ಕಾಕ್ಕಂತೈತೆ. ನಾಳೆ ಹೊಸದುರ್ಗದ್ದೊಂದು ಮುಗಿಸಿ, ನಾಡಿದ್ದು ನಿಮ್ಮ ಭಾವನ ಜತೆ ದಾವಣಗೆರೆಗೆ ಹೋಗಿ ತೋರಿಸ್ಕಂಡು ಬರ್ತೀನಿ. ಪಾತ್ರ ಮೇಘಶ್ರೀ ಮಾಡ್ಲಿ.'

ಮೇಘಶ್ರೀ ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗಿ. ಜಂಪಣ್ಣನಿಗೆ ಅಕ್ಕನ ಊದಿದ ಕಾಲು ಕಾಣಲಿಲ್ಲ, ದಾವಣಗೆರೆ ಎಂಬುದೂ ಕಿವಿಗೆ ಬೀಳಲಿಲ್ಲ. ಅವನಿಗೆ ಕೇಳಿಸಿದ್ದು ಒಂದೇ: ಅಕ್ಕ ಪಾತ್ರ ಬಿಡುತ್ತಾಳಂತೆ. ಇನ್ನು ಇವಳು ಊರಿಂದೂರಿಗೆ ಸೀರೆ ಮಡಿಸಿಕೊಂಡು, ಬೇರೆಯವರು ತನ್ನ ಗಡಿಗೆ ಹೊರುವುದನ್ನು ಪಕ್ಕದಿಂದ ನೋಡಬೇಕೇ? ನಾಲ್ಕು ಸೆಕೆಂಡಿನ ವಿಷಯ, ಯಾವ ದೊಡ್ಡ ಲೆಕ್ಕ ಎಂದುಕೊಂಡ. ಮರುದಿನ ಹೊಸದುರ್ಗದಲ್ಲಿ ಲೈಟು ಕಟ್ಟುವಾಗ ಯಾರಿಗೂ ಹೇಳದೆ ಹದಿನೆಂಟನ್ನು ಅಳಿಸಿ ಇಪ್ಪತ್ತೆರಡು ಮಾಡಿದ.

ಅವತ್ತು ಅವಳು ಕತ್ತಲಾಗುವ ಮುಂಚೆಯೇ ಕುಳಿತಳು. ಬಣ್ಣ ಒರೆಸಿಕೊಳ್ಳದೆ ಓಡುತ್ತಾ ಬಂದಂತೆ ಬಂದು, ಏದುಸಿರು ಬಿಡುತ್ತಾ ನಕ್ಕಳು. 'ನೋಡಿದ್ಯಾ? ನಿನ್ನೆ ಏನೋ ಗ್ಯಾಸು ಹಿಡ್ಕಂಡಿತ್ತು, ಸುಮ್ನೆ ಹೆದ್ರಿದೆ. ಲೈಟು ನಿನ್ನ ಕೈಯಾಗಿದ್ರೆ ನಂಬ್ತಿರ್ಲಿಲ್ಲ. ಮಿಷನ್ನು ಸುಳ್ಳು ಹೇಳಲ್ಲ, ಅಲ್ವೇನೋ?'

'ಹೂಂ ಅಕ್ಕ' ಎಂದ ಜಂಪಣ್ಣ.

ಆಗಲಾದರೂ ಬಾಯಿ ಬಿಡಬಾರದಿತ್ತೇ ಮಹರಾಯ? ಅಕ್ಕ, ಮಿಷನ್ನು ಹೇಳಿದ್ದಲ್ಲ, ಹೇಳಿಸಿದ್ದು ನಾನು ಎಂದು ಒಂದು ಮಾತು ಆಡಿದ್ದರೆ ಅವಳು ಬೈಯುತ್ತಿದ್ದಳು, ಎರಡು ದಿನ ಮಾತು ಬಿಡುತ್ತಿದ್ದಳು, ಮೂರನೆಯ ದಿನ ದಾವಣಗೆರೆ ಬಸ್ಸು ಹತ್ತುತ್ತಿದ್ದಳು. ಆದರೆ ಆ ನಗುಮುಖದ ಮುಂದೆ ಅವನ ನಾಲಿಗೆ ಏಳಲಿಲ್ಲ. ದಾವಣಗೆರೆಯ ಮಾತು ಅಲ್ಲಿಗೇ ನಿಂತಿತು.

ಒಮ್ಮೆ ಹಾಗೆ ಮಾಡಿದ ಮೇಲೆ ಹಿಂದಕ್ಕೆ ಬರುವ ದಾರಿ ಇರಲಿಲ್ಲ. ಅವಳ ಹೆಜ್ಜೆ ಭಾರವಾದಷ್ಟೂ ಇವನು ಸೆಕೆಂಡು ಸೇರಿಸುತ್ತಾ ಹೋದ. ನಾಲ್ಕೈದು ತಿಂಗಳಲ್ಲಿ ಇಪ್ಪತ್ತೆರಡು ಇಪ್ಪತ್ತಾರಾಯಿತು, ಮೂವತ್ತಾಯಿತು, ಮೂವತ್ತನಾಲ್ಕಾಯಿತು. ನಿರಂಜನ್ ಇನ್ನೊಂದು ನಾಟಕದ ತಾಲೀಮಿಗೆಂದು ಹೋಗಿ ತಿರುಗಾಟದಲ್ಲಿರಲಿಲ್ಲ. ಇದ್ದವರಿಗೆ ಅನುಮಾನವೇ ಬರಲಿಲ್ಲ, ಏಕೆಂದರೆ ದೃಶ್ಯ ಮೊದಲಿಗಿಂತ ಚೆನ್ನಾಗಿ ಕಾಣುತ್ತಿತ್ತು. ಆ ಭಾರದ ನಡಿಗೆ, ನಡುನಡುವೆ ನಿಂತು ಉಸಿರೆಳೆದುಕೊಳ್ಳುವುದು, ಕಲ್ಲು ಕಂಡ ಮೇಲೆ ಕಣ್ಣಲ್ಲಿ ಮೂಡುವ ನಿರಾಳ. ಎಂಥ ಅಭಿನಯ ಎಂದು ಜನ ಹೊಗಳಿದ್ದೇ ಹೊಗಳಿದ್ದು. ಸಾಯುತ್ತಿರುವ ಹೆಂಗಸಿನ ಏದುಸಿರಿಗೆ ಚಪ್ಪಾಳೆ ಹೊಡೆದೆವಲ್ಲ, ನಮಗೇನು ಹೇಳೋಣ.

ಒಂದು ದಿನ ಚಿತ್ರಲಿಂಗಪ್ಪ ಹೊಲಿಗೆ ಬಿಟ್ಟು ಜಂಪಣ್ಣನನ್ನು ಹುಡುಕಿಕೊಂಡು ಬಂದ. 'ನೀನಾದ್ರೂ ಹೇಳೋ ಜಂಪಣ್ಣ, ನಿನ್ ಮಾತು ಕೇಳ್ತಾಳೆ. ಮೆಟ್ಲು ಹತ್ತಕ್ಕಾಗಲ್ಲ, ಮಲಗಿದ್ರೆ ಉಸಿರು ಕಟ್ತೈತೆ, ಕುಂತ್ಕಂಡೇ ನಿದ್ದೆ ಮಾಡ್ತಾಳೆ. ಆಸ್ಪತ್ರೆ ಅಂದ್ರೆ, ಹದಿನೆಂಟು ಸೆಕೆಂಡ್ನಾಗೆ ನಡೆಯೋಳಿಗೆ ಏನ್ ಕಾಯ್ಲೆ ಅಂತ ನನ್ ಬಾಯಿ ಮುಚ್ಚಿಸ್ತಾಳೆ.'

ತಾನು ಅಕ್ಕನ ಪಾತ್ರವನ್ನಷ್ಟೇ ಕಾಯುತ್ತಿದ್ದೇನೆ ಎಂದುಕೊಂಡಿದ್ದ ಜಂಪಣ್ಣನಿಗೆ, ಅವಳು ಆ ಬೆಳಕನ್ನು ಡಾಕ್ಟರ ಮಾತಿನಂತೆ ನಂಬಿಕೊಂಡಿದ್ದಾಳೆ ಎಂದು ಅವತ್ತು ಗೊತ್ತಾಯಿತು. ನೇರ ಅವಳ ಬಳಿಗೇ ಹೋದ. 'ಅಕ್ಕ, ಒಂದ್ಸಲ ತೋರಿಸ್ಕಂಡು ಬಾರಕ್ಕ' ಎಂದ.

'ನಿನ್ ಮಿಷನ್ ಏನಂತೈತೆ?' ಎಂದು ನಕ್ಕಳು ಚಂದ್ರಕ್ಕ. 'ಲೈಟು ನನ್ನ ಬಿಟ್ಟು ಹೋದ ದಿನ ನಾನೇ ಬಸ್ ಹತ್ತೀನಿ. ಹೋಗು, ಕೆಲ್ಸ ನೋಡ್ಕ ಹೋಗು.'

ನಿಜ ಹೇಳಲು ಧೈರ್ಯ ಬರಲಿಲ್ಲ. ಸರಿ, ಲೈಟಿನಿಂದಲೇ ಹೇಳಿಸುತ್ತೇನೆ ಎಂದುಕೊಂಡ. ಮುಂದಿನ ಪ್ರಯೋಗ ರಾಮಗಿರಿಯಲ್ಲಿ. ಅಲ್ಲಿ ಮೂವತ್ತನಾಲ್ಕನ್ನು ಅಳಿಸಿ ಮತ್ತೆ ಹದಿನೆಂಟು ಹಾಕಿದ. ಒಂದು ದಿನ ಕತ್ತಲಲ್ಲಿ ನಿಲ್ಲಲಿ, ಅತ್ತರೆ ಅಳಲಿ, ನಾಳೆ ಆಸ್ಪತ್ರೆಗೆ ಹೋಗುತ್ತಾಳೆ. ನಾಟಕ ನಡೆಯುತ್ತಿರುವಷ್ಟು ಹೊತ್ತೂ ಮನಸ್ಸು ಗಟ್ಟಿಯಾಗಿಯೇ ಇತ್ತು. ಕಡೆಯ ದೃಶ್ಯ ಬಂತು. ಪಕ್ಕದ ಪರದೆಯ ಸಂದಿಯಲ್ಲಿ ಅಕ್ಕ ಗಡಿಗೆ ತಲೆಗೇರಿಸಿಕೊಳ್ಳುತ್ತಿದ್ದಳು. ಒಂದು ಸಲಕ್ಕೆ ಏರಲಿಲ್ಲ. ಎರಡನೆಯ ಸಲ ಏರಿಸಿಕೊಂಡು, ದೂರದ ಲೈಟಿನ ಮೇಜಿನ ಕಡೆ ತಿರುಗಿ, ಆಯಿತು, ಬಿಡು ಎಂಬಂತೆ ಗದ್ದ ಆಡಿಸಿದಳು. ಇಷ್ಟು ವರ್ಷ ಪ್ರತಿ ಪ್ರಯೋಗದಲ್ಲೂ ಮಾಡುತ್ತಿದ್ದದ್ದೇ ಅದು. ಜಂಪಣ್ಣನ ಗಟ್ಟಿತನವೆಲ್ಲ ನೀರಾಯಿತು. ಇಷ್ಟು ಜನರ ಮುಂದೆ ಇವಳನ್ನು ಕತ್ತಲಲ್ಲಿ ನಿಲ್ಲಿಸಲೇ? ಅವಸರ ಅವಸರವಾಗಿ ಮತ್ತೆ ಮೂವತ್ತನಾಲ್ಕು ಒತ್ತಿ ಗುಂಡಿ ಅದುಮಿದ. ಬೆಳಕು ಅವಳಿಗೆ ಕಾಯುತ್ತಾ ಕಾಯುತ್ತಾ ಇಳಿಯಿತು. ಅವಳು ಬಂದು ಕಲ್ಲಿನ ಮೇಲೆ ಕುಳಿತಳು.

ಪರದೆ ಬಿದ್ದ ಮೇಲೆ ಅವಳು ಏಳಲಿಲ್ಲ. ಹೊತ್ತುಕೊಂಡು ಹೋಗಿ ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದರು. ಹೃದಯದ ಕವಾಟ ಕೆಟ್ಟು ಶ್ವಾಸಕೋಶಕ್ಕೆ ನೀರು ತುಂಬಿತ್ತಂತೆ. ನಾಲ್ಕೈದು ತಿಂಗಳು ಮುಂಚೆ ಕರೆತಂದಿದ್ದರೆ ಉಳಿಸಿಕೊಳ್ಳಬಹುದಿತ್ತು ಎಂದು ಡಾಕ್ಟರು ಹೇಳಿದರು. ಆ ವಾರದಲ್ಲೇ ತೀರಿಕೊಂಡಳು.

ಒಪ್ಪಿಕೊಂಡ ಪ್ರಯೋಗಗಳಿದ್ದವು. ಹೊಳಲ್ಕೆರೆಯಲ್ಲಿ ಮೇಘಶ್ರೀಗೆ ತಾಲೀಮು ಶುರುವಾಯಿತು. ಚಿತ್ರಲಿಂಗಪ್ಪ ಅವತ್ತು ತಂಡದ ಸೀರೆ, ಗಡಿಗೆ ಹಿಂತಿರುಗಿಸಲೆಂದು ಬಂದವನು ಹಿಂದಿನ ಬೆಂಚಿನಲ್ಲಿ ಕುಳಿತ. ಹುಡುಗಿ ಬೇರೊಂದು ಬಿಂದಿಗೆ ಹೊತ್ತು ನಡೆದು ಬಂದು ಕಲ್ಲಿನ ಮೇಲೆ ಕುಳಿತಳು. ಬೆಳಕು ಇನ್ನೂ ಅರ್ಧ ರಂಗದಷ್ಟಿತ್ತು. ಪಾಪ, ಏನು ಮಾಡಬೇಕೆಂದು ತಿಳಿಯದೆ ಕುಳಿತೇ ಇದ್ದಳು. ಬೆಳಕು ತನ್ನ ಪಾಡಿಗೆ ನಿಧಾನವಾಗಿ, ಅಲ್ಲಿಲ್ಲದ ಇನ್ಯಾರನ್ನೋ ಕರೆದುಕೊಂಡು ಬರುತ್ತಿತ್ತು.

'ಜಂಪಣ್ಣ, ಲೈಟು ಸಿಕ್ಕಿಹಾಕಿಕೊಂಡಿದೆಯಾ?' ಎಂದ ನಿರಂಜನ್.

'ಇಲ್ಲ ಸಾರ್.'

'ಮತ್ತೆ? ಎಷ್ಟಿದೆ ಟೈಮು?'

'ಮೂವತ್ತನಾಲ್ಕು.'

'ಹದಿನೆಂಟಲ್ವಾ ಇದ್ದದ್ದು? ಯಾರು ಬದಲಾಯಿಸಿದ್ದು?'

ಹಿಂದಿನ ಬೆಂಚು ಸರಿದ ಸದ್ದಾಯಿತು. ಹದಿನೆಂಟು ಎಂಬುದನ್ನು ಮನೆಯಲ್ಲಿ ದಿನಬೆಳಗಾದರೆ ಕೇಳಿದ್ದವನು ಚಿತ್ರಲಿಂಗಪ್ಪ. ಎದ್ದು ಬಂದು ಲೈಟಿನ ಮೇಜಿನ ಪಕ್ಕ ನಿಂತ.

'ಅವಳಿಗೆ ಗೊತ್ತಿತ್ತಾ?' ಎಂದು ಕೇಳಿದ.

'ಇಲ್ಲ ಭಾವ.'

ಹೊಡೆಯುತ್ತಾನೆ ಎಂದುಕೊಂಡ ಜಂಪಣ್ಣ. ಹೊಡೆದಿದ್ದರೆ ಚೆನ್ನಾಗಿತ್ತು. ಚಿತ್ರಲಿಂಗಪ್ಪ ಹೊಡೆಯಲಿಲ್ಲ, ಕೂಗಾಡಲಿಲ್ಲ. 'ಹದಿನೆಂಟಕ್ಕೆ ಹಾಕು, ನಾನು ನೋಡ್ಬೇಕು' ಎಂದ.

ಮೇಘಶ್ರೀ ಕಲ್ಲು ಬಿಟ್ಟು ಪಕ್ಕಕ್ಕೆ ಸರಿದಳು. ಜಂಪಣ್ಣ ಹದಿನೆಂಟು ಒತ್ತಿ ಗುಂಡಿ ಅದುಮಿದ. ಯಾರೂ ಇಲ್ಲದ ರಂಗದ ಮೇಲೆ ಬೆಳಕು ಇಳಿಯತೊಡಗಿತು. ಚಿತ್ರಲಿಂಗಪ್ಪ ಹಿಂತುದಿಯಿಂದ ಹೆಂಡತಿಯೇ ಬರುತ್ತಿದ್ದಾಳೆ ಎಂಬಂತೆ ಹೆಜ್ಜೆ ಹೆಜ್ಜೆಗೂ ಕಣ್ಣು ಸರಿಸುತ್ತಾ ನೋಡಿದ. ಸುತ್ತ ಕತ್ತಲಾದಾಗ ಅವನ ಕಣ್ಣು ನಿಂತದ್ದು ಕಲ್ಲಿನ ಮೇಲಲ್ಲ, ರಂಗದ ನಟ್ಟನಡುವೆ.

'ಇಲ್ಲಿರ್ತಿದ್ಲು' ಎಂದ. 'ಇಲ್ಲೇ ಕತ್ಲಾಗಿದ್ರೆ ಅಳ್ತಾ ಮನೆಗೆ ಬರ್ತಿದ್ಲು ಜಂಪಣ್ಣ. ಬೆಳಿಗ್ಗೆ ಎದ್ದು ಇಬ್ರೂ ಬಸ್ ಹತ್ತಿರ್ತಿದ್ವಿ.'

ಸೀರೆಯನ್ನೂ ಗಡಿಗೆಯನ್ನೂ ಮೇಘಶ್ರೀಯ ಕೈಗೆ ಕೊಟ್ಟು, ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಂಡು ಅವನು ಹೊರಟುಹೋದ.