ಹುಳುಮನೆಗೆ ಬಂದ ಮೇಷ್ಟ್ರು

ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಅಕೌಂಟಿಂಗ್ ಕಲಿಸುತ್ತಿದ್ದ ಮೇಷ್ಟ್ರು ಅರ್ಧ ಬೋರ್ಡನ್ನು ಅಂಗೈಯಿಂದಲೇ ಒರೆಸಿ, "ಆಗೋಗಿದ್ ಖರ್ಚು ಮರೀರಿ, ಮುಂದಿಂದು ನೋಡಿ" ಎನ್ನುತ್ತಿದ್ದರು.

ಹುತ್ತೂರಿನ ನಮ್ಮ ರೇಷ್ಮೆಹುಳುಗಳಿಗೆ ರೋಗ ಬಂದಾಗ, ದಿಕ್ಕು ತೋಚದೆ ಅವರನ್ನೇ ಕರೆತಂದೆ. ಅವರು ಹುಳುಮನೆಯ ಹೊಸ್ತಿಲಾಚೆಯೇ ನಿಂತರು.

"ಇಪ್ಪತ್ತು ದಿನ ಸೊಪ್ಪು ಹಾಕಿದೀವಿ ಸಾರ್," ಎಂದರು ಅಪ್ಪ.

"ಅದು ಹೋಯ್ತು ಬಿಡಿ ಯಜಮಾನ್ರೇ. ಇನ್ನೂ ಹಾಕಿದ್ರೆ ಗೂಡು ಕಟ್ತವಾ?"

"ಅನುಮಾನ. ಪಕ್ಕದ್ದು ನಮ್ಮಣ್ಣನ ಹುಳುಮನೆ. ಅಲ್ಲಿಗೂ ಹಬ್ಬುತ್ತೇನೋ ಅಂತ ಭಯ."

"ಹಂಗಾದ್ರೆ ಸುಟ್ಬಿಡಿ."

ಹುಳುಗಳನ್ನೆಲ್ಲ ಹಿತ್ತಲಲ್ಲಿ ಸುರಿದು, ಅಪ್ಪ ಬೆಂಕಿಪೊಟ್ಟಣವನ್ನು ಅವರ ಮುಂದೆ ಹಿಡಿದರು. "ನೀವೇ ಹಚ್ಚಿ ಸಾರ್. ನನ್ನ ಕೈಲಾಗಲ್ಲ."

ಮೇಷ್ಟ್ರು ಪೊಟ್ಟಣ ತೆಗೆದುಕೊಂಡರು. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಗಾಳಿ ಇರಲಿಲ್ಲ ಎಂಬುದು ಮಾತ್ರ ಖಚಿತ. ಆದರೂ ಅವರು ಗೀರಿದ ಮೊದಲೆರಡು ಕಡ್ಡಿಗಳು ಆರಿಹೋದವು.