ಅರ್ಧ ಸೌಟು ಪಾಯಸ

ಕಳೆದ ವಾರ ಪುತ್ತೂರಿನಲ್ಲಿ ಒಂದು ಮದುವೆ ಊಟಕ್ಕೆ ಹೋಗಿದ್ದೆ. ಸಭಾಭವನದಲ್ಲಿ ಎಲೆಯ ಮುಂದೆ ಕುಳಿತಿದ್ದೆನಷ್ಟೆ, ಹಿಂಬದಿಯ ಅಡಿಗೆಮನೆಯಿಂದ ಬೆಲ್ಲ ಸೀದ ವಾಸನೆ ಬಂತು. ಸಣ್ಣಗೆ, ಒಂದೇ ಒಂದು ಸಲ. ಪಕ್ಕದಲ್ಲಿದ್ದವರಿಗೆ ಗೊತ್ತೂ ಆಗಲಿಲ್ಲ. ನಾನು ಮಾತ್ರ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಿದ್ದೆ. ಆ ವಾಸನೆ ಬಂದರೆ ಸಾಕು, ನನಗೆ ಆಚೆಮನೆ ಮಾವನ ನೆನಪು…

ನರಿಮೊಗರಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ನೀರು ಹರಿಯುವ ಒಂದು ತೋಡು, ದಾಟಲಿಕ್ಕೆ ಕಾಲುಸಂಕ. ಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಾಗಿರಲಿಲ್ಲ, ಆದರೂ ಮಾವ. ಆಗೆಲ್ಲ ಮದುವೆ, ಉಪನಯನ ನಡೆಯುತ್ತಿದ್ದದ್ದು ಮನೆಯಂಗಳದ ಚಪ್ಪರದಲ್ಲಿ. ಅಡಿಗೆಗೆ ಭಟ್ಟರು ಬರುತ್ತಿದ್ದರು. ತರಕಾರಿ ಹೆಚ್ಚುವುದು, ಎಲೆ ಹಾಕುವುದು, ಬಡಿಸುವುದು ಎಲ್ಲ ನೆರೆಕರೆಯವರದ್ದು. ಯಾರನ್ನೂ ಕರೆಯಬೇಕಾಗಿರಲಿಲ್ಲ, ಅವರೇ ಪಂಚೆ ಎತ್ತಿಕಟ್ಟಿ ನಿಲ್ಲುತ್ತಿದ್ದರು.

ಮಾವನೂ ಬರುತ್ತಿದ್ದರು. ಆದರೆ ಒಂದೇ ಕೆಲಸಕ್ಕೆ. ಉಳಿದವರು ಅನ್ನ, ಸಾರು, ಪಲ್ಯ ಎಂದು ಓಡಾಡುವಾಗ ಇವರು ಕಂಬಕ್ಕೆ ಒರಗಿ ಎಲೆಯಡಿಕೆ ಜಗಿಯುತ್ತಾ ಇರುವವರು, ಪಾಯಸದ ಹೊತ್ತಿಗೆ ಎಲ್ಲಿಂದಲೋ ಪ್ರತ್ಯಕ್ಷ. ಬಕೆಟು ಬೇರೆಯವರ ಕೈಗೆ ಹೋಗಲು ಬಿಟ್ಟದ್ದೇ ಇಲ್ಲ. ಆದರೆ ಆ ಬಡಿಸುವ ಚಂದವನ್ನು ನೀವು ನೋಡಬೇಕಿತ್ತು! ಮೊಣಕಾಲೆತ್ತರದಿಂದ ಸುರಿದರೂ ಒಂದು ಹನಿ ಆಚೀಚೆ ಹಾರುತ್ತಿರಲಿಲ್ಲ. ಸಾಕು ಎಂದು ಎರಡೂ ಕೈ ಅಡ್ಡ ಹಿಡಿದವರ ಎದುರು ಸುಮ್ಮನೆ ನಿಂತು, ಅವರು ನಗುತ್ತಾ ಕೈ ತೆಗೆದ ಗಳಿಗೆಯಲ್ಲಿ ಇನ್ನೊಂದು ಸೌಟು. ಪಂಕ್ತಿಗೆ ಪಂಕ್ತಿಯೇ ಕುತ್ತಿಗೆ ಉದ್ದ ಮಾಡಿ ಅವರನ್ನು ಕಾಯುತ್ತಿತ್ತು. ‘ಪಾಯಸದ ಮಾವ’ ಎಂದೇ ಅವರಿಗೆ ಹೆಸರು. ಅಪ್ಪನಿಗೆ ಮಾತ್ರ ಇದು ಸರಿ ಕಾಣುತ್ತಿರಲಿಲ್ಲ. “ಅವನದ್ದು ಉಪಕಾರ ಅಲ್ಲ ಮಾರಾಯ್ತಿ, ಸ್ವಾರ್ಥ. ಹೆಸರು ಬರುವ ಕೆಲಸ ಮಾತ್ರ ಆಗ್ಬೇಕು ಅವನಿಗೆ” ಎಂದು ಅಮ್ಮನ ಹತ್ತಿರ ಹೇಳುತ್ತಿದ್ದರು. ನಾನೂ ಹೌದೆಂದುಕೊಂಡಿದ್ದೆ.

ಹೀಗಿರುವಾಗ ಅಕ್ಕನ ಮದುವೆ ಬಂತು. ನಾನು ಡಿಗ್ರಿ ಓದುತ್ತಿದ್ದೆ, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಎಲ್ಲ ಕೆಲಸಕ್ಕೂ ನಾನೇ ಮುಂದು. ಬೆಳಿಗ್ಗೆ ಅಡಿಗೆ ಭಟ್ಟರು ಹೋಳಿಗೆಯ ಕಡೆ ಹೋಗುವಾಗ, ಪಾಯಸದ ಕೊಪ್ಪರಿಗೆಯ ಹತ್ತಿರ ನನ್ನನ್ನು ನಿಲ್ಲಿಸಿದರು. ಹೆಸರುಬೇಳೆ ಬೆಂದು, ಬೆಲ್ಲ ಕರಗಿ, ಕಾಯಿಹಾಲು ಬಿದ್ದಾಗಿತ್ತು. “ಮಗುಚ್ತಾ ಇರು, ಕೈ ಬಿಡ್ಬೇಡ” ಎಂದರು. ಕೈ ಬಿಡುವವಳಲ್ಲ ನಾನು, ಆದರೆ ಅಷ್ಟರಲ್ಲಿ ವಾಲಗ ಕೇಳಿಸಿತು. ಗುತ್ತಿಗಾರಿನಿಂದ ಬಂದ ದಿಬ್ಬಣ! ಭಾವನನ್ನು ಒಂದು ಸಲ ನೋಡಿ ಬಂದೇನು ಎಂದು ಮಗುಚುವ ಹುಟ್ಟನ್ನು ಕೊಪ್ಪರಿಗೆಯಲ್ಲೇ ಬಿಟ್ಟು ಓಡಿದೆ. ಓಡುವ ಮೊದಲು ಬೆಂಕಿ ಆರದಿರಲಿ ಎಂದು ಎರಡು ಕೊಳ್ಳಿ ಬೇರೆ ಮುಂದೂಡಿದ್ದೆ, ಬುದ್ಧಿವಂತೆ.

ಕಾಲು ತೊಳೆಯುವುದು, ಬೆಲ್ಲ ನೀರು, ಫೋಟೋ… ನೋಡುತ್ತಾ ನಿಂತವಳಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ತಿರುಗಿ ಬರುವಾಗ ಅಂಗಳದ ಮೂಲೆಗೇ ಸೀದ ವಾಸನೆ. ಓಡಿ ಬಂದೆ. ಭಟ್ಟರು ಕೊಪ್ಪರಿಗೆ ಇಳಿಸಿ ಹಣೆಗೆ ಕೈ ಇಟ್ಟು ನಿಂತಿದ್ದರು. ಪಕ್ಕದಲ್ಲಿ, ಬಕೆಟು ಹುಡುಕಿಕೊಂಡು ಬಂದ ಮಾವ.

“ಅಡಿ ಹಿಡಿದಿದೆ. ಮೇಲಿನ ಅರ್ಧ ಮೆಲ್ಲ ತೆಗೆದ್ರೆ ಉಳಿದೀತು” ಎಂದರು ಭಟ್ಟರು. ಮತ್ತೆ ಮಾಡಲಿಕ್ಕೆ ಕಾಯಿಹಾಲೂ ಇರಲಿಲ್ಲ, ಹೊತ್ತೂ ಇರಲಿಲ್ಲ. ಮೂರು ಪಂಕ್ತಿ ಜನ ಕೂರಬೇಕು, ಮದುಮಕ್ಕಳು ಕೂರುವುದೇ ಕೊನೆಯ ಪಂಕ್ತಿಗೆ. ಮದುಮಕ್ಕಳ ಎಲೆಗೇ ಪಾಯಸ ಇಲ್ಲದಿದ್ದರೆ ಗುತ್ತಿಗಾರಿನವರು ಅಪ್ಪನನ್ನು ಜೀವಮಾನವಿಡೀ ಆಡಿಕೊಳ್ಳುತ್ತಾರೆ, ಅಕ್ಕ ಅಲ್ಲಿ ದಿನಾ ಕೇಳಿಸಿಕೊಳ್ಳಬೇಕು. ನಾನು ಅಳಲು ಶುರು ಮಾಡಿದೆ.

ಮಾವ ಕೊಪ್ಪರಿಗೆಯೊಳಗೆ ಇಣುಕಿದರು. ಆಮೇಲೆ ನನ್ನನ್ನು ನೋಡಿದರು.

“ಮುಖ ತೊಳ್ಕೊ ಕೂಸೇ. ಯಾರಿಗೂ ಹೇಳುದು ಬೇಡ. ಬಡಿಸುದು ನಾನಲ್ವಾ?”

ಆ ದಿನ ಅವರು ಬಡಿಸಿದ್ದು ಅರ್ಧ ಸೌಟು. ಎಲ್ಲರಿಗೂ ಅರ್ಧವೇ. ಇನ್ನೂ ಬೇಕಾ ಎಂದು ವಿಚಾರಿಸಲಿಕ್ಕೆ ಎರಡನೆಯ ಸುತ್ತು ಬಂದಾಗ ಬಕೆಟು ಬೀಸಿಕೊಂಡು ಸರಸರ ನಡೆದೇಬಿಟ್ಟರು. ಜನ ತಬ್ಬಿಬ್ಬು. “ಎಂತ ಮಾವ, ನಿಮ್ಮ ಮನೆಯ ಪಾಯಸವಾ?” ಎಂದು ಒಬ್ಬರು. “ಮನೆಗೆ ಕೊಂಡೋಗ್ಲಿಕ್ಕೆ ಉಳಿಸುದಾ ಎಂತದು?” ಎಂದು ಇನ್ನೊಬ್ಬರು. “ನಿಮಗೆಲ್ಲ ಶುಗರ್ ಉಂಟು ಮಾರಾಯ್ರೆ, ನಾಳೆ ನನ್ನನ್ನು ಬೈಯುದು ಬೇಡ” ಎಂದು ಇವರು. ಅಪ್ಪನಿಗಂತೂ ಕೋಪ ನೆತ್ತಿಗೇರಿತ್ತು. ತನ್ನ ಮಗಳ ಮದುವೆಯಲ್ಲಿ ಇವನಿಗೆ ಧಾರಾಳ ಬಡಿಸಲಿಕ್ಕೆ ಕೈ ಬರುವುದಿಲ್ಲವಲ್ಲ ಎಂದು ಚಪ್ಪರದ ಹಿಂದೆ ಸಿಡಿಮಿಡಿಗುಟ್ಟುತ್ತಿದ್ದರು. ನಾನು ಒಳಕೋಣೆಯ ಕಿಟಕಿಯ ಮರೆಯಲ್ಲಿ ಅಡಗಿಕೊಂಡು ಸೌಟು ಎಣಿಸುತ್ತಿದ್ದೆ. ಕೊನೆಯ ಪಂಕ್ತಿಗೆ ಮುಟ್ಟುತ್ತದಾ, ಮುಟ್ಟುವುದಿಲ್ಲವಾ… ಮುಟ್ಟಿತು. ಮದುಮಕ್ಕಳ ಎಲೆಗೆ ಮಾವ ಎತ್ತರದಿಂದ ಒಂದು ಪೂರ್ತಿ ಸೌಟು ಸುರಿದರು. ಬಕೆಟಿನಲ್ಲಿ ಇದ್ದದ್ದೇ ಅಷ್ಟು.

ಮಾತು ಊರಿಡೀ ಹಬ್ಬಿತು, ಪಾಯಸದ ಮಾವ ಜಿಪುಣನಾದ ಎಂದು. ಮುಂದಿನ ತಿಂಗಳು ಕಾಣಿಯೂರಿನಲ್ಲಿ ಒಂದು ಉಪನಯನ. ಮಾವ ಬಕೆಟಿಗೆ ಕೈ ನೀಡಿದಾಗ ಮನೆಯ ಯಜಮಾನರು ನಗುತ್ತಲೇ ಅದನ್ನು ಆಚೆ ಸರಿಸಿದರು. “ಪಾಯಸ ಬೇರೆಯವರು ಹಿಡೀಲಿ. ನೀವು ಉಪ್ಪು ಹಿಡೀರಿ.”

ಉಪ್ಪು! ಎಲ್ಲಕ್ಕಿಂತ ಮೊದಲು, ಜನ ಇನ್ನೂ ಪಂಚೆ ಸರಿಮಾಡಿಕೊಂಡು ಕೂರುತ್ತಿರುವಾಗ, ಎಲೆಯ ತುದಿಗೆ ಒಂದು ಚಿಟಿಕೆ. ಉಪ್ಪು ಬಡಿಸುವವರ ಮುಖವನ್ನು ಯಾರೂ ನೋಡುವುದಿಲ್ಲ. ಮಾವ ಉಪ್ಪಿನ ಬಟ್ಟಲು ಹಿಡಿದರು.

ನನಗೆ ತಡೆಯಲಾಗಲಿಲ್ಲ. ಕೈ ತೊಳೆಯುವಲ್ಲಿ ಅವರನ್ನು ಹಿಡಿದು, “ನಾನು ಎಲ್ಲರಿಗೂ ಹೇಳಿಬಿಡ್ತೇನೆ ಮಾವ” ಎಂದೆ.

“ಎಂತಕ್ಕೆ? ನಿನ್ನ ಮನಸ್ಸು ಹಗುರ ಆಗ್ಲಿಕ್ಕಾ?”

“ನಿಮ್ಮ ಹೆಸರು ಸರಿಯಾಗ್ಲಿಕ್ಕೆ.”

“ಬೇಡ. ನಿನ್ನ ಅಪ್ಪ ನನ್ನೆದುರು ತಲೆ ತಗ್ಗಿಸಿ ನಿಲ್ಲುದು ನನಗೆ ಬೇಡ.” ಆಮೇಲೆ ಅವರ ಕಣ್ಣು ಹೊಳೆಯಿತು, ಗುಟ್ಟು ಹೇಳುವವರಂತೆ ಬಗ್ಗಿದರು. “ನಾನೆಂತ ದೊಡ್ಡ ಪುಣ್ಯಾತ್ಮ ಅಂತ ತಿಳ್ಕೊಳ್ಬೇಡ. ಕೊಪ್ಪರಿಗೆ ತುಂಬ ಇರುವಾಗ ಯಾರು ಬೇಕಾದ್ರೂ ಬಡಿಸ್ತಾರೆ. ಅರ್ಧ ಕೊಪ್ಪರಿಗೆಯಲ್ಲಿ ಮೂರು ಪಂಕ್ತಿ! ಯಾರಿಗೆ ಬರ್ತದೆ ಹೇಳು? ಅವರೆಲ್ಲ ಬೈಯುವಾಗ ನನಗೆ ಒಳಗೆ ಎಷ್ಟು ಖುಷಿ ಗೊತ್ತುಂಟಾ?”

ಇದನ್ನು ಸ್ವಾರ್ಥ ಎನ್ನುವುದೋ, ಅಲ್ಲ ಎನ್ನುವುದೋ? ಹೆಸರಿಗಾಗಿ ಸೌಟು ಹಿಡಿದ ಮನುಷ್ಯ ಅದೇ ಹೆಸರನ್ನು ನಮ್ಮ ಮನೆಯ ಮರ್ಯಾದೆಗೆ ಬಿಟ್ಟುಕೊಟ್ಟು, ಅದರಲ್ಲೂ ಒಂದು ಖುಷಿ ಕಂಡಿದ್ದರು. ನನ್ನ ಲೆಕ್ಕ ಮಾತ್ರ ಸುಲಭ. ಅವರು ಬೇಡ ಎಂದದ್ದು ನನಗೆ ಬಹಳ ಅನುಕೂಲವಾಯಿತು. ಅವರ ಮಾತು ಉಳಿಸುತ್ತಿದ್ದೇನೆ ಎಂದುಕೊಂಡು ನನ್ನನ್ನೇ ಉಳಿಸಿಕೊಂಡೆ. ಆ ಮಧ್ಯಾಹ್ನ ಪಾಯಸ ಎದುರಿನಿಂದ ಹೋಗುವಾಗ, ಕಂಬಕ್ಕೆ ಒರಗಿದ್ದ ಮಾವನ ಕಣ್ಣು ಬಕೆಟಿನ ಹಿಂದೆಯೇ ಪಂಕ್ತಿಯ ಕೊನೆಯವರೆಗೂ ಹೋದದ್ದನ್ನು ನಾನು ನೋಡಿದ್ದೆ. ನೋಡಿಯೂ ಸುಮ್ಮನಿದ್ದೆ. ಅವರು ಮತ್ತೆಂದೂ ಪಾಯಸ ಬಡಿಸಲಿಲ್ಲ, ಹೋದಲ್ಲೆಲ್ಲ ಉಪ್ಪೇ… ಹೋಗಿಯೇ ಏಳು ವರ್ಷವಾಯಿತು. ಅಪ್ಪನೂ ಈಗ ಇಲ್ಲ.

ಕಳೆದ ವಾರ ಆ ವಾಸನೆ ಬಂದದ್ದೇ, ನನ್ನೊಳಗೆ ಏನೋ ಕಟ್ಟೆ ಒಡೆದಂತಾಯಿತು. ಅಕ್ಕಪಕ್ಕ, ಎದುರು ಕುಳಿತವರೆಲ್ಲ ನಮ್ಮ ಊರಿನವರೇ. ಒಂದೇ ಉಸಿರಿಗೆ ಎಲ್ಲ ಹೇಳಿದೆ, ಕೊಪ್ಪರಿಗೆ, ದಿಬ್ಬಣ, ಅರ್ಧ ಸೌಟು, ಎಲ್ಲ. ಕೈ ಎತ್ತಿ ಮಾವ ಸುರಿಯುತ್ತಿದ್ದದ್ದನ್ನು ಮಾಡಿಯೂ ತೋರಿಸಿದೆ. ಪಾಯಸ ಸೀಯಿಸಿದ್ದು ನಾನು, ಮಾವ ಜಿಪುಣ ಅಲ್ಲ ಎಂದೆ. ಎಲ್ಲರೂ ಕೇಳಿದರು, ನಕ್ಕರು. ಎದುರಿನ ಹಿರಿಯರೊಬ್ಬರು ಹುಬ್ಬು ಗಂಟಿಕ್ಕಿ ಬಹಳ ಹೊತ್ತು ನೆನಪು ಮಾಡಿಕೊಂಡರು.

“ಯಾರ ವಿಷಯ ಹೇಳಿದ್ದು ನೀನು? ಓ, ಆ ಉಪ್ಪು ಬಡಿಸ್ತಿದ್ದವರಾ?”

ನಾನು ತಲೆ ತಗ್ಗಿಸಿದೆ. ನನ್ನ ಎಲೆಯ ತುದಿಯಲ್ಲಿ ಒಂದು ಚಿಟಿಕೆ ಉಪ್ಪು ಇತ್ತು. ಅದನ್ನು ಯಾರು ಬಡಿಸಿ ಹೋದರೆಂದು ನಾನೂ ನೋಡಿರಲಿಲ್ಲ.